ಕ್ರಿಸ್ಮಸ್ ಸೀಸನ್‌ಗೆ ಸಣ್ಣ ಆನ್‌ಲೈನ್ ಅಂಗಡಿ ಸಜ್ಜು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಕುಸ್ವಾರ್ (ಕ್ರಿಸ್ಮಸ್‌ಗೆಂದು ಮಾಡುವ ಬಗೆಬಗೆಯ ತಿಂಡಿಗಳು), ಪ್ಲಮ್ ಕೇಕ್ ಮಾಡಿ ಸ್ವಂತ ವೆಬ್‌ಸೈಟ್, ಇನ್‌ಸ್ಟಾಗ್ರಾಮ್, ವಾಟ್ಸ್ಆಪ್ ಮೂಲಕ ಮಾರುವವರಿಗಾಗಿ ಇದನ್ನು ಬರೆದದ್ದು. ಒಂದು ಅಡುಗೆಮನೆ, ನಾಲ್ಕೈದು ಕೈ, ಪ್ಯಾಕಿಂಗ್‌ಗೆ ಊಟದ ಮೇಜು, ಇಷ್ಟೇ ಇರುವ ಅಂಗಡಿಗಳು ನಮ್ಮ ಕಣ್ಣ ಮುಂದಿವೆ. ಮರದ ಅಲಂಕಾರ, ನಕ್ಷತ್ರ ದೀಪ ಮಾರುವವರಿಗೂ ಅರ್ಧಕ್ಕರ್ಧ ಅನ್ವಯಿಸುತ್ತದೆ. ದೊಡ್ಡ ಗೋದಾಮು ಇಟ್ಟುಕೊಂಡವರಿಗೆ ಇಲ್ಲಿ ಹೆಚ್ಚೇನೂ ಸಿಗದು.

ತಯಾರಿ ಯಾವಾಗ ಶುರು ಮಾಡಬೇಕು?

ಡಿಸೆಂಬರ್ 25ರಿಂದ ಹಿಂದಕ್ಕೆ ಲೆಕ್ಕ ಹಾಕಿ. ಕೇಕ್‌ಗೆ ಒಣಹಣ್ಣು ನೆನೆಸುವುದು ಅಕ್ಟೋಬರ್‌ನಲ್ಲೇ ಆಗಿರಬೇಕು. ಪೆಟ್ಟಿಗೆ, ಲೇಬಲ್, ರಿಬ್ಬನ್‌ಗಳ ಆರ್ಡರನ್ನು ದಸರಾ ಮುಗಿದ ಕೂಡಲೇ ಕೊಟ್ಟುಬಿಡಿ. ದೀಪಾವಳಿ ಹತ್ತಿರ ಬಂತೆಂದರೆ ಪ್ರಿಂಟಿಂಗ್ ಪ್ರೆಸ್‌ನವರು ಫೋನ್ ಎತ್ತುವುದೇ ಇಲ್ಲ. ವೆಬ್‌ಸೈಟಿನ ಬದಲಾವಣೆಗಳನ್ನೆಲ್ಲ ನವೆಂಬರ್ ಮಧ್ಯದೊಳಗೆ ಮುಗಿಸಿ, ಮುಂಗಡ ಬುಕಿಂಗ್ ತೆರೆಯಿರಿ. ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ (ಅಡ್ವೆಂಟ್) ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುತ್ತದೆ. ಚರ್ಚ್‌ನಲ್ಲಿ ಮೊದಲ ಮೇಣದ ಬತ್ತಿ ಹೊತ್ತಿದ ಮೇಲೆ ಗಿರಾಕಿಗಳಿಗೆ ಹಬ್ಬ ನೆನಪಾಗುತ್ತದೆ. ಅಷ್ಟರೊಳಗೆ ನಿಮ್ಮ ಅಂಗಡಿಯ ಬಾಗಿಲು ತೆರೆದಿರಬೇಕು.

ಕೊನೆಯ ಆರ್ಡರ್ ದಿನಾಂಕವನ್ನು ಹೇಗೆ ನಿರ್ಧರಿಸುವುದು?

ಇಡೀ ಸೀಸನ್‌ನಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಮಾನ ಇನ್ನೊಂದಿಲ್ಲ. ಬೆಲೆ ಎಷ್ಟು, ಫೋಟೊ ಹೇಗಿರಬೇಕು, ಜಾಹೀರಾತು ಬೇಕೇ ಎಂಬುದೆಲ್ಲ ಆಮೇಲೆ. ಹುಟ್ಟುಹಬ್ಬದ ಕೇಕ್ ಒಂದು ದಿನ ತಡವಾದರೆ ನಕ್ಕು ಸುಮ್ಮನಾಗುವ ಜನ ಕುಸ್ವಾರ್ 26ಕ್ಕೆ ಬಂದರೆ ಸುಮ್ಮನಿರುವುದಿಲ್ಲ. ಕಾರಣವೂ ಇದೆ. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಕುಸ್ವಾರ್ ಬರೀ ಮನೆಯವರು ತಿನ್ನುವುದಕ್ಕಲ್ಲ, ತಟ್ಟೆಯಲ್ಲಿಟ್ಟು ನೆರೆಕರೆಯವರಿಗೆ ಹಂಚುವುದಕ್ಕೆ. 24ರ ರಾತ್ರಿ ಪೂಜೆಗೆ ಹೋಗುವ ಮೊದಲೇ ಡಬ್ಬಿಗಳು ತುಂಬಿರಬೇಕು. ಹಾಗಾಗಿ ನಿಮ್ಮ ಗುರಿ 25 ಅಲ್ಲ, 22.

ಒಂದೇ ದಿನಾಂಕ ಇಡಬೇಡಿ, ಮೂರು ಇಡಿ: ನಿಮ್ಮ ಊರಿಗೆ ಒಂದು, ರಾಜ್ಯದೊಳಗೆ ಒಂದು, ಹೊರರಾಜ್ಯಕ್ಕೆ ಒಂದು. ಕೊರಿಯರ್‌ನವರು ಹೇಳುವ ಅವಧಿಗೆ ಕನಿಷ್ಠ ಎರಡು ದಿನ ಸೇರಿಸಿ. ನಡುವೆ ಭಾನುವಾರ ಬಿದ್ದರೆ ಇನ್ನೊಂದು. ಆ ದಿನಾಂಕವನ್ನು ಮುಖಪುಟದ ಬ್ಯಾನರಿನಲ್ಲಿ ಹಾಕಿ ಸುಮ್ಮನಾಗುವುದು ಸಾಲದು, ಯಾಕೆಂದರೆ ಇನ್‌ಸ್ಟಾಗ್ರಾಮ್ ಲಿಂಕಿನಿಂದ ಬರುವವರು ಮುಖಪುಟವನ್ನೇ ನೋಡುವುದಿಲ್ಲ. ಪ್ರತಿ ತಿಂಡಿಯ ಪುಟದಲ್ಲಿ, ‘ಖರೀದಿಸಿ’ ಬಟನ್ನಿನ ಪಕ್ಕದಲ್ಲೇ ಬರೆಯಿರಿ. ದಿನ ಮುಗಿದ ರಾತ್ರಿ ಆ ಪ್ರದೇಶದ ಪಿನ್‌ಕೋಡ್‌ಗಳನ್ನು ಶಿಪ್ಪಿಂಗ್ ಪಟ್ಟಿಯಿಂದಲೇ ತೆಗೆದುಬಿಡಿ.

‘ಪ್ರಯತ್ನ ಮಾಡ್ತೇವೆ’ ಎಂಬ ಮಾತನ್ನು ಡಿಸೆಂಬರ್ 15ರ ನಂತರ ಯಾರಿಗೂ ಹೇಳಬೇಡಿ. ಗಿರಾಕಿಯ ಕಿವಿಗೆ ಅದು ‘ಆಯ್ತು’ ಎಂದೇ ಕೇಳಿಸುತ್ತದೆ.

ಎಷ್ಟು ಆರ್ಡರ್‌ವರೆಗೆ ತೆಗೆದುಕೊಳ್ಳಬಹುದು?

ಒಲೆಯ ಲೆಕ್ಕ ಹಾಕಬೇಡಿ, ಬೆರಳಿನ ಲೆಕ್ಕ ಹಾಕಿ. ಪ್ಲಮ್ ಕೇಕ್ ಒಮ್ಮೆಗೆ ಆರೋ ಎಂಟೋ ಬೇಯುತ್ತದೆ. ಆದರೆ ಕಿಡಿಯೊ? ಹಿಟ್ಟಿನ ಪುಟ್ಟ ಉಂಡೆ, ಅದನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಹೆಬ್ಬೆರಳಿನಿಂದ ಎಳೆದು ಸುರುಳಿ ಮಾಡಬೇಕು. ಒಂದೊಂದಾಗಿ. ಒಂದು ಕಿಲೋ ಕಿಡಿಯೊ ಎಂದರೆ ಒಂದು ಸಂಜೆ, ಅದೂ ಮನೆಮಂದಿಯೆಲ್ಲ ಸುತ್ತ ಕೂತರೆ. ಹಾಗಾಗಿ ನಿಮ್ಮ ‘ಮಿಶ್ರ ಕುಸ್ವಾರ್’ ಪೆಟ್ಟಿಗೆಗಳ ಸಂಖ್ಯೆಯನ್ನು ನಿಗದಿ ಮಾಡುವುದು ಒವನ್ ಅಲ್ಲ, ಕಿಡಿಯೊ. ನಿಮ್ಮ ಪಟ್ಟಿಯಲ್ಲಿ ಅತಿ ನಿಧಾನವಾಗಿ ಆಗುವ ತಿಂಡಿ ಯಾವುದೋ ಅದರಿಂದ ಲೆಕ್ಕ ಶುರು ಮಾಡಿ.

ಬಂದ ಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲು ತೆಗೆದಿಡಿ. ಒಡೆದದ್ದು, ಕರಿದದ್ದು ಕಪ್ಪಾದದ್ದು, ಅತ್ತೆಮನೆಯವರಿಗೆ ಹೋದದ್ದು ಎಲ್ಲ ಅದರಲ್ಲಿ ಬರಬೇಕಲ್ಲ. ಉಳಿದ ಸಂಖ್ಯೆಯನ್ನು ವೆಬ್‌ಸೈಟಿನ ಸ್ಟಾಕ್ ಎಂದು ನಮೂದಿಸಿ.

ಇಲ್ಲೊಂದು ಗುಂಡಿ ಇದೆ. ಅರ್ಧ ಕಿಲೋ ಪೆಟ್ಟಿಗೆ, ಒಂದು ಕಿಲೋ ಪೆಟ್ಟಿಗೆ, ಕೇಕ್ ಸಮೇತ ಗಿಫ್ಟ್ ಪೆಟ್ಟಿಗೆ ಎಂದು ಮೂರು ಹೆಸರಿನಲ್ಲಿ ಮಾರುತ್ತೀರಿ. ಮೂರಕ್ಕೂ ಬೇರೆ ಬೇರೆ ಸ್ಟಾಕ್ ಇಟ್ಟಿದ್ದೀರಿ. ಒಳಗಿರುವ ಕಿಡಿಯೊ ಮಾತ್ರ ಒಂದೇ ಡಬ್ಬಿಯದು. ಒಂದು ಪೆಟ್ಟಿಗೆ ಹೆಚ್ಚು ಹೋದ ದಿನ ಉಳಿದೆರಡಕ್ಕೆ ಮಾಲಿಲ್ಲ, ಸೈಟ್ ಮಾತ್ರ ‘ಲಭ್ಯ’ ಎನ್ನುತ್ತಲೇ ಇರುತ್ತದೆ. ಮೂರು ಪೆಟ್ಟಿಗೆಗೂ ಒಂದೇ ಸ್ಟಾಕಿನಿಂದ ಕಳೆಯುವ ಸೌಲಭ್ಯ ನಿಮ್ಮ ತಂತ್ರಾಂಶದಲ್ಲಿದ್ದರೆ ಬಳಸಿ. ಇಲ್ಲದಿದ್ದರೆ ಪೆಟ್ಟಿಗೆಗಳನ್ನು ಎರಡಕ್ಕೆ ಇಳಿಸಿ. ಆಯ್ಕೆ ಕಡಿಮೆಯಾಯಿತೆಂದು ಗಿರಾಕಿ ಓಡಿಹೋಗುವುದಿಲ್ಲ.

ವಾಟ್ಸ್ಆಪ್‌ನಲ್ಲೂ ಆರ್ಡರ್ ಬರುತ್ತದಲ್ಲ, ಅದನ್ನೇನು ಮಾಡುವುದು?

ಅದನ್ನೂ ನೀವೇ ಸೈಟಿಗೆ ನಮೂದಿಸಿ, ಅದೇ ದಿನ. ಅಥವಾ ಲಿಂಕ್ ಕಳಿಸಿ ಅವರಿಂದಲೇ ಹಾಕಿಸಿ. ‘ಹೋದ ಸಲದ ಹಾಗೇ ಎರಡು ಕಿಲೋ ಇಡಿ’ ಎಂಬ ಧ್ವನಿ ಸಂದೇಶಗಳು ಡಿಸೆಂಬರ್ ಎರಡನೇ ವಾರದಲ್ಲಿ ಎಲ್ಲಿ ಮರೆಯಾಗುತ್ತವೋ ದೇವರೇ ಬಲ್ಲ.

ಯಾವ ತಿಂಡಿ ಕೊರಿಯರ್‌ಗೆ ಸೈ, ಯಾವುದು ಬೇಡ?

ಗೋಲಿಯಂಥ ಗುಳಿಯೊ, ಚೂರು ಚೂರಾಗಿ ಕತ್ತರಿಸಿ ಕರಿದ ತುಕ್ಡಿ, ಎಳ್ಳುಂಡೆ ಎಲ್ಲಿಗೆ ಬೇಕಾದರೂ ಹೋಗುತ್ತವೆ. ಗುಳಿಯೊ ಮೇಲೆ ಸೈಕಲ್ ಹತ್ತಿಸಿದರೂ ಏನೂ ಆಗದು. ಸಕ್ಕರೆ ಪಾಕ ಹಾಕಿದ ಕಿಡಿಯೊ ಗಟ್ಟಿ, ಆದರೆ ಮಂಗಳೂರಿನ ಹವೆಗೆ ಬೆವರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಪಾಕ ಪೂರ್ತಿ ಒಣಗಿ ಆರಿದ ಮೇಲೆಯೇ ಚೀಲದ ಬಾಯಿ ಮುಚ್ಚಿ. ಕರ್ಜಿಕಾಯಿಯಂಥ ನೆವ್ರಿಯೊಳಗಿನ ಹೂರಣಕ್ಕೆ ಹಸಿ ತೆಂಗಿನಕಾಯಿ ಹಾಕಿದರೆ ಬೇಗ ಮುಗ್ಗಲು ವಾಸನೆ ಬರುತ್ತದೆ. ದೂರದ ಊರಿಗಾದರೆ ಒಣ ಕೊಬ್ಬರಿಯನ್ನು ಚೆನ್ನಾಗಿ ಹುರಿದು ಹಾಕಬೇಕು.

ಕೊಕ್ಕಿಸಾಂ, ಅಂದರೆ ಅಚ್ಚಿನಿಂದ ಕರಿದು ತೆಗೆಯುವ ಹೂವಿನಂಥ ತಿಂಡಿ, ಎಷ್ಟು ಚೆಂದವೋ ಅಷ್ಟೇ ತಲೆನೋವು. ಸುತ್ತಿ ಸುತ್ತಿ ಕಳಿಸಿದರೂ ಬೀದರ್ ಮುಟ್ಟುವಾಗ ಪುಡಿ. ಅದನ್ನು ನಿಮ್ಮ ಊರಿನ ಡೆಲಿವರಿಗೆ ಮಾತ್ರ ಇಟ್ಟುಕೊಳ್ಳಿ, ಇಲ್ಲವೇ ದುಂಡನೆಯ ಗಟ್ಟಿ ಡಬ್ಬಿಯಲ್ಲಿ ಒಂದರ ಮೇಲೊಂದು ಜೋಡಿಸಿ ಕಳಿಸಿ. ಹಾಲು, ಹಸಿ ಕಾಯಿ ಹಾಲು ಇರುವ ಮಣ್ಣಿಯಂಥವುಗಳ ಹೆಸರನ್ನೂ ಸೈಟಿನಲ್ಲಿ ಎತ್ತಬೇಡಿ.

ಕೊರಿಯರ್ ಬಿಲ್ ಯಾಕೆ ನಾವು ತೂಗಿದ್ದಕ್ಕಿಂತ ಹೆಚ್ಚು ಬರುತ್ತದೆ?

ಕೊರಿಯರ್‌ನವರು ಪೆಟ್ಟಿಗೆಯ ತೂಕವನ್ನೂ ನೋಡುತ್ತಾರೆ, ಅದು ಹಿಡಿಯುವ ಜಾಗವನ್ನೂ ನೋಡುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ನಿಮ್ಮ ಕುಸ್ವಾರ್ ಪೆಟ್ಟಿಗೆ 30 × 25 × 15 ಇದ್ದರೆ ಲೆಕ್ಕಕ್ಕೆ ಅದು 2.25 ಕಿಲೋ. ಒಳಗಿರುವುದು ಮುಕ್ಕಾಲು ಕಿಲೋ ತಿಂಡಿಯಾದರೂ ಅಷ್ಟೇ. ಅದೇ ತಿಂಡಿಯನ್ನು 25 × 20 × 10 ಪೆಟ್ಟಿಗೆಯಲ್ಲಿ ಅಡಕವಾಗಿ ಹೊಂದಿಸಿದರೆ ಸರಿಯಾಗಿ ಒಂದು ಕಿಲೋ.

ಅದಕ್ಕೇ ಅಕ್ಟೋಬರ್‌ನಲ್ಲಿ ಪೆಟ್ಟಿಗೆ ಮಾಡಿಸುವ ಮೊದಲು ಅಕ್ಕಿಯನ್ನೋ ಕಡಲೆಯನ್ನೋ ತುಂಬಿ ಅಳತೆ ನೋಡಿ. ಚೆಂದ ಕಾಣಲಿ ಎಂದು ದೊಡ್ಡ ಪೆಟ್ಟಿಗೆಯೊಳಗೆ ಬಣ್ಣದ ಕಾಗದದ ಚೂರು ತುಂಬುವುದು ಇನ್‌ಸ್ಟಾಗ್ರಾಮ್ ರೀಲಿಗೆ ಸರಿ. ಸಾಗಣೆಯ ಬಿಲ್ಲಿನಲ್ಲಿ ಅದು ಲಾಭವನ್ನೇ ನುಂಗುತ್ತದೆ. ಪ್ಯಾಕ್ ಮಾಡಿದ ಮೇಲೆ ಒಮ್ಮೆ ಸೊಂಟದ ಎತ್ತರದಿಂದ ನೆಲಕ್ಕೆ ಬೀಳಿಸಿ ತೆರೆದು ನೋಡಿ. ದಾರಿಯಲ್ಲಿ ಆಗುವುದೂ ಅದೇ.

ಕೇಕ್‌ಗೆ ರಮ್ ಹಾಕಬಹುದೇ?

ಹಾಕಬಹುದು, ಮುಚ್ಚಿಡಬಾರದು. ಬೇಯುವಾಗ ಮದ್ಯವೆಲ್ಲ ಹಾರಿಹೋಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ, ಸ್ವಲ್ಪ ಉಳಿಯುತ್ತದೆ. ಬೇಯಿಸಿದ ಮೇಲೆ ವಾರಕ್ಕೊಮ್ಮೆ ರಮ್ ಸವರುವ ಪದ್ಧತಿ ಇದ್ದರಂತೂ ಹೇಳುವುದೇ ಬೇಡ. ಪುಟದಲ್ಲೂ ಲೇಬಲ್ಲಿನಲ್ಲೂ ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ಕಿತ್ತಳೆ ರಸದಲ್ಲೋ ದ್ರಾಕ್ಷಿ ರಸದಲ್ಲೋ ನೆನೆಸಿದ ಇನ್ನೊಂದು ಕೇಕ್ ಇಡಿ. ಅದು ರಮ್ ಕೇಕಿನಷ್ಟು ದಿನ ಬಾಳುವುದಿಲ್ಲವಾದ್ದರಿಂದ ಬಳಸುವ ಅವಧಿಯನ್ನು ಬೇರೆಯಾಗಿ ನಮೂದಿಸಬೇಕು. ಎರಡಕ್ಕೂ ಒಂದೇ ಬಣ್ಣದ ಪೆಟ್ಟಿಗೆ ಬೇಡ. ರಾತ್ರಿ ಹನ್ನೊಂದರ ಪ್ಯಾಕಿಂಗ್‌ನಲ್ಲಿ ಅದಲುಬದಲಾದರೆ ಕ್ಷಮೆ ಕೇಳಿ ಮುಗಿಯುವ ವಿಷಯವಲ್ಲ.

ಮನೆಯಲ್ಲೇ ಮಾಡುವುದಕ್ಕೂ ಎಫ್‌ಎಸ್‌ಎಸ್‌ಎಐ ಬೇಕೇ? ಲೇಬಲ್‌ನಲ್ಲಿ ಏನಿರಬೇಕು?

ಬೇಕು. ವರ್ಷಕ್ಕೊಮ್ಮೆ, ಹಬ್ಬಕ್ಕೆ ಮಾತ್ರ ಮಾರಿದರೂ ಈ ಆಹಾರ ಸುರಕ್ಷತಾ ಪ್ರಾಧಿಕಾರದ ಒಪ್ಪಿಗೆ ಬೇಕು. ಸಣ್ಣ ವಹಿವಾಟಿನವರಿಗೆ ಪರವಾನಗಿಯ ಬದಲು ಸರಳ ನೋಂದಣಿ ಸಾಕು, ಅದರ ಫಾಸ್ಕಾಸ್ ಎಂಬ ಪೋರ್ಟಲ್‌ನಲ್ಲೇ ಅರ್ಜಿ. 14 ಅಂಕಿಯ ಸಂಖ್ಯೆ ಸಿಗುತ್ತದೆ. ಅದು ಲೇಬಲ್ ಮೇಲೆ ಮಾತ್ರವಲ್ಲ, 2022ರ ಜನವರಿಯಿಂದ ಬಿಲ್ ಮೇಲೂ ಇರಬೇಕು.

ಲೇಬಲ್‌ನಲ್ಲಿ ತಯಾರಕರ ಹೆಸರು, ವಿಳಾಸ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಾದ ದಿನಾಂಕ, ಬಳಸಬೇಕಾದ ಅವಧಿ, ದೂರಿಗೆ ಫೋನ್ ಅಥವಾ ಇಮೇಲ್ ಇರಲಿ. ಇದನ್ನೆಲ್ಲ ಹೆಚ್ಚಿನವರು ಹಾಕುತ್ತಾರೆ. ಎಡವುವುದು ಮೂರು ಕಡೆ. ಮೊಟ್ಟೆ ಹಾಕಿದ ಕೇಕ್‌ಗೆ ಹಸಿರು ಚುಕ್ಕೆ ಹಾಕಿಬಿಡುತ್ತಾರೆ. ನಿಯಮದ ಪ್ರಕಾರ ಮೊಟ್ಟೆ ಇದ್ದರೆ ಅದು ಮಾಂಸಾಹಾರದ ಗುರುತಿಗೇ ಬರುತ್ತದೆ, ಚೌಕದೊಳಗೆ ಕಂದು ತ್ರಿಕೋನ. ಎರಡನೆಯದು ಅಲರ್ಜಿಯ ಸಾಲು. ಗೋಧಿ, ಹಾಲು, ಮೊಟ್ಟೆ, ಗೋಡಂಬಿ ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೆ ಉಳಿಯುವುದು ಸಲ್ಫೈಟ್. ಹೊಂಬಣ್ಣದ ಒಣದ್ರಾಕ್ಷಿ, ಏಪ್ರಿಕಾಟ್ ಬಣ್ಣಗೆಡದಿರಲೆಂದು ಅದನ್ನು ಬಳಸಿರುತ್ತಾರೆ. ಕಿಲೋಗೆ 10 ಮಿಲಿಗ್ರಾಂ ಮುಟ್ಟಿದರೆ ಲೇಬಲ್‌ನಲ್ಲಿ ಹೇಳಲೇಬೇಕು. ಒಣಹಣ್ಣು ತಂದ ಪ್ಯಾಕೆಟ್ ಬಿಸಾಡುವ ಮೊದಲು ಅದರ ಹಿಂಬದಿ ಓದಿ. ಮೂರನೆಯದು ಕನ್ನಡ. ಕರ್ನಾಟಕದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಮೇಲೆ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಇಷ್ಟು ಕನ್ನಡ ಬರೆಯಲು ಕಾಯ್ದೆಯೇ ಬರಬೇಕಿತ್ತೇ ಎಂಬುದು ಬೇರೆ ಮಾತು.

ಜಿಎಸ್‌ಟಿ ನಮಗೂ ಬರುತ್ತದೆಯೇ?

2025ರ ಜುಲೈಯಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಈ ಪ್ರಶ್ನೆ ಕೇಳದವರೇ ಇಲ್ಲ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಮನೆ ಅಂಗಡಿಗಳು ಸಾಮಾನ್ಯವಾಗಿ ಅಲ್ಲಿಗೆ ಮುಟ್ಟುವುದಿಲ್ಲ.

ಆದರೆ ಆನ್‌ಲೈನ್ ಅಂಗಡಿಗೆ ನಿಜವಾದ ಗಡಿ ಆ 40 ಲಕ್ಷ ಅಲ್ಲ, ರಾಜ್ಯದ ಗಡಿ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಕಡ್ಡಾಯ. ಮಂಗಳೂರಿನಿಂದ ಬೀದರ್‌ಗೆ ಕೇಕ್ ಕಳಿಸಿದರೆ ರಾಜ್ಯದೊಳಗಿನ ಮಾರಾಟ, ಒಂದು ಗಂಟೆ ದಾರಿಯ ಕಾಸರಗೋಡಿಗೆ ಕಳಿಸಿದರೆ ಅಂತರರಾಜ್ಯ. ಮುಂಬೈ, ಗೋವಾ ಗಿರಾಕಿಗಳು ಬೇಕೆಂದರೆ ನೋಂದಣಿ ಮಾಡಿಸಿಯೇ ಸೈಟಿನಲ್ಲಿ ಆ ಪಿನ್‌ಕೋಡ್ ತೆರೆಯಿರಿ. ಕಾಂಪೋಸಿಷನ್ ಸ್ಕೀಮ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆಯಲ್ಲಿ, ಇರುವವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಕರಕುಶಲ ವಸ್ತುಗಳಿಗೆ ಮಾತ್ರ ಒಂದಿಷ್ಟು ವಿನಾಯಿತಿ ಇದೆ. 2025ರ ಸೆಪ್ಟೆಂಬರ್ 22ರಿಂದ ಕೇಕ್, ಬಿಸ್ಕತ್ತಿನ ತೆರಿಗೆ 18ರಿಂದ ಶೇ 5ಕ್ಕೆ ಇಳಿದಿದೆ. ಸೈಟಿನಲ್ಲಿ ಹಳೆಯ ದರ ಕೂತಿದ್ದರೆ ಸರಿಪಡಿಸಿ.

ಚನ್ನಪಟ್ಟಣದ ಮರದ ಅಲಂಕಾರ ಮಾರುವವರು ಗಮನಿಸಬೇಕಾದ್ದೇನು?

ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಇಡುವ ಕುರಿ, ಒಂಟೆ, ಮರಕ್ಕೆ ನೇತುಹಾಕುವ ಗಂಟೆಗಳನ್ನು ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟು ಮಾಡುವ ಕುಶಲಿಗರು ಅಲ್ಲಿದ್ದಾರೆ. ತಿಂಡಿಯ ಹಾಗೆ ಕೆಡುವ ಭಯವಿಲ್ಲ, ಉಳಿದದ್ದು ಮುಂದಿನ ವರ್ಷಕ್ಕೂ ಆಗುತ್ತದೆ. ಆದರೆ ಲೇತ್ ಮೇಲೆ ಒಂದೊಂದೇ ತಿರುಗಬೇಕು. ಡಿಸೆಂಬರ್‌ನಲ್ಲಿ ಫೋನ್ ಮಾಡಿ ‘ಇನ್ನೂರು ಗಂಟೆ ಕೊಡಿ’ ಎಂದರೆ ಆಗದು, ಆಗಸ್ಟ್‌ನಲ್ಲೇ ಮುಂಗಡ ಕೊಡಿ. ಮಕ್ಕಳ ಆಟಿಕೆ ಎಂದು ಮಾರುವುದಾದರೆ 2021ರಿಂದ ಬಿಐಎಸ್ ಎಂಬ ಗುಣಮಟ್ಟದ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ (ಭೌಗೋಳಿಕ ಗುರುತು) ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಇದೆ. ನಿಮಗೆ ಮಾಲು ಕೊಡುವವರು ಅವರಲ್ಲೊಬ್ಬರೇ ಎಂದು ಕೇಳಿ, ದಾಖಲೆಯ ಪ್ರತಿ ತೆಗೆದಿಟ್ಟುಕೊಳ್ಳಿ.

ಕ್ಯಾಶ್ ಆನ್ ಡೆಲಿವರಿ ಇಡಬೇಕೇ?

ತಿಂಡಿಗೆ ಬೇಡ. ಬಾಗಿಲಿಗೆ ಹೋದಾಗ ‘ಮನೆಯಲ್ಲಿಲ್ಲ’ ಎಂದರೆ ಪೆಟ್ಟಿಗೆ ವಾಪಸ್ ಬರುವಾಗ ಹಬ್ಬ ಮುಗಿದಿರುತ್ತದೆ. ಎರಡು ಕಡೆಯ ಸಾಗಣೆ ಖರ್ಚು ನಿಮ್ಮದೇ, ತಿಂಡಿ ಮಾರುವ ಹಾಗಿಲ್ಲ. ಕಾರ್ಡ್ ಪಾವತಿಗೆ ಗೇಟ್‌ವೇಯವರು, ಅಂದರೆ ಸೈಟಿನಲ್ಲಿ ದುಡ್ಡು ಪಡೆದುಕೊಡುವ ಕಂಪನಿಯವರು, ಶೇ 2ರ ಆಸುಪಾಸು ಶುಲ್ಕ ಹಿಡಿಯುತ್ತಾರೆ, ಅದರ ಮೇಲೆ ಶೇ 18 ಜಿಎಸ್‌ಟಿ. ಹಾಗಿದ್ದೂ ಅದು ಅಗ್ಗ.

ಯುಪಿಐ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಕೇ?

ಸಾಲದು. ನಕಲಿ ಸ್ಕ್ರೀನ್‌ಶಾಟ್ ಮಾಡುವುದು ಮಕ್ಕಳಾಟ. ನಿಮ್ಮ ಖಾತೆಯಲ್ಲಿ ಜಮೆ ಕಂಡ ಮೇಲೆಯೇ ಪ್ಯಾಕ್ ಮಾಡಿ. ‘ದೊಡ್ಡ ಆರ್ಡರ್, ನಮ್ಮ ಅಕೌಂಟೆಂಟ್ ಕ್ಯೂಆರ್ ಕಳಿಸ್ತಾರೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದು ಯಾರಾದರೂ ಹೇಳಿದರೆ ಫೋನ್ ಇಡಿ. ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ.

ವೆಬ್‌ಸೈಟಿನಲ್ಲಿ ಏನೇನು ಪರೀಕ್ಷಿಸಬೇಕು?

ಮನೆಯ ವೈಫೈ ಬಿಟ್ಟು, ಹಳೆಯ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ಒಂದು ನಿಜವಾದ ಆರ್ಡರ್ ಹಾಕಿ ನಿಜವಾದ ದುಡ್ಡು ಕಟ್ಟಿ. ಪುಟ ತೆರೆಯಲು ಹೊತ್ತು ಹಿಡಿದರೆ ಬಹುಪಾಲು ತಪ್ಪು ಫೋಟೊಗಳದು. ಕ್ಯಾಮೆರಾದಿಂದ ಬಂದ ಐದಾರು ಎಂಬಿಯ ಚಿತ್ರವನ್ನು ಹಾಗೇ ಏರಿಸಿರುತ್ತೀರಿ. ಕುಗ್ಗಿಸಿ. ಆರ್ಡರ್ ಖಚಿತವಾದ ಇಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆಯೇ ನೋಡಿ. ಡೊಮೈನ್ ನವೀಕರಣ ಡಿಸೆಂಬರ್‌ನಲ್ಲಿದ್ದರೆ ಈಗಲೇ ಕಟ್ಟಿ. ಡಿಸೆಂಬರ್ 1ರಿಂದ ಪ್ಲಗಿನ್ ಅಪ್‌ಡೇಟ್, ಹೊಸ ಥೀಮ್ ಯಾವುದೂ ಬೇಡ, ಭದ್ರತೆಯ ತುರ್ತು ಇದ್ದರೆ ಮಾತ್ರ.

ವಿದೇಶದಲ್ಲಿರುವವರಿಗೆ ಹೇಗೆ ಮಾರುವುದು?

ಅಲ್ಲಿಗೆ ಕಳಿಸುವುದಕ್ಕಿಂತ ಅಲ್ಲಿಂದ ಇಲ್ಲಿಗೆ ಆರ್ಡರ್ ತರಿಸುವುದು ಲೇಸು. ದುಬೈ, ದೋಹಾ, ಟೊರಾಂಟೊದಲ್ಲಿರುವ ಮಗ ಉಡುಪಿಯಲ್ಲಿರುವ ಅಮ್ಮನ ಮನೆಗೆ ಕೇಕ್ ಕಳಿಸಬೇಕೆಂದಿರುತ್ತಾನೆ. ಸುಂಕ, ಆಹಾರದ ತಪಾಸಣೆ ಯಾವುದೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ನಿಮ್ಮ ಚೆಕ್‌ಔಟ್ ಪುಟ. ಫೋನ್ ಸಂಖ್ಯೆಗೆ ಹತ್ತೇ ಅಂಕಿ ಎಂದು ಕಟ್ಟುಹಾಕಿರುತ್ತೀರಿ, ದುಬೈಯವನು +971 ಎಂದು ಶುರು ಮಾಡಿದ ಕೂಡಲೇ ಕೆಂಪು ಅಕ್ಷರದಲ್ಲಿ ‘ತಪ್ಪು ಸಂಖ್ಯೆ’. ಅವನು ಮೂರು ಸಲ ನೋಡಿ ಬೇರೆ ಅಂಗಡಿಗೆ ಹೋಗುತ್ತಾನೆ. ದುಡ್ಡು ಕೊಡುವವರ ವಿಳಾಸ, ಫೋನ್ ಒಂದು ಕಡೆ, ಪಡೆಯುವವರದು ಇನ್ನೊಂದು ಕಡೆ ಇರುವಂತೆ ಮಾಡಿ. ಗೇಟ್‌ವೇಯಲ್ಲಿ ಅಂತರರಾಷ್ಟ್ರೀಯ ಕಾರ್ಡ್‌ಗೆ ಒಪ್ಪಿಗೆ ಪಡೆಯಲು ದಿನ ಹಿಡಿಯುತ್ತದೆ, ನವೆಂಬರ್‌ಗೆ ಮೊದಲೇ ಅರ್ಜಿ ಹಾಕಿ. ಡೆಲಿವರಿ ಹುಡುಗ ಕರೆ ಮಾಡುವುದು, ಒಟಿಪಿ ಹೋಗುವುದು ಪಡೆಯುವವರ ಫೋನಿಗೆ ಎಂಬುದನ್ನು ಕಳಿಸುವವರಿಗೆ ತಿಳಿಸಿ. ಅಮ್ಮನಿಗೆ ಏನೂ ಹೇಳದೆ ಸರ್‌ಪ್ರೈಸ್ ಕೊಡಲು ಹೋದರೆ ಅವರು ‘ನಾನೇನೂ ತರಿಸಿಲ್ಲ’ ಎಂದು ಹುಡುಗನನ್ನು ವಾಪಸ್ ಕಳಿಸಿಬಿಡುತ್ತಾರೆ.

ನೇರವಾಗಿ ಹೊರದೇಶಕ್ಕೆ ಕಳಿಸಲೇಬೇಕೆಂದರೆ: ಕುವೈತ್, ಸೌದಿಗೆ ರಮ್ ಕೇಕ್ ಬೇಡವೇ ಬೇಡ, ಐರೋಪ್ಯ ಒಕ್ಕೂಟದ ದೇಶಗಳಿಗೆ ಹಾಲಿನ ತಿಂಡಿಗಳು ಬೇಡ. ಅಮೆರಿಕ 2025ರ ಆಗಸ್ಟ್ 29ರಿಂದ ಅಗ್ಗದ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನೂ ತೆಗೆದಿದೆ.

ರಿಯಾಯಿತಿ ಕೊಡಬೇಕೇ?

ಕೈಯಿಂದ ಮಾಡುವ, ಸಂಖ್ಯೆ ಸೀಮಿತವಾದ ವಸ್ತುವಿಗೆ ಡಿಸೆಂಬರ್‌ನಲ್ಲಿ ರಿಯಾಯಿತಿ ಏಕೆ ಎಂದು ನನಗಂತೂ ಅರ್ಥವಾಗಿಲ್ಲ. ಕೊಡುವುದಾದರೆ ನವೆಂಬರ್‌ನಲ್ಲೇ ಪೂರ್ತಿ ದುಡ್ಡು ಕಟ್ಟಿ ಬುಕ್ ಮಾಡಿದವರಿಗೆ ಕೊಡಿ. ಅವರಿಂದ ನಿಮಗೆ ತುಪ್ಪ, ಗೋಡಂಬಿ ಕೊಳ್ಳಲು ಕಾಸು ಸಿಗುತ್ತದೆ.

ಬೆಂಗಳೂರಿನ ಕಂಪನಿಗಳಿಂದ ಒಟ್ಟಿಗೆ ನೂರು ಪೆಟ್ಟಿಗೆ ಕೇಳುತ್ತಾರೆ. ಒಪ್ಪಿಕೊಳ್ಳಬಹುದೇ?

ಅರ್ಧ ಮುಂಗಡ ಕೊಟ್ಟರೆ ಒಪ್ಪಿ. ‘ಬಿಲ್ ಕಳಿಸಿ, 90 ದಿನಕ್ಕೆ ಪಾವತಿ’ ಎಂಬುದು ಅವರ ರೂಢಿ. ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಮಾಡಿಸಿದ್ದರೆ ಸಣ್ಣ ತಯಾರಕರಿಗೆ 45 ದಿನದೊಳಗೆ ಕೊಡಬೇಕೆಂಬ ಕಾನೂನು ನಿಮ್ಮ ಕಡೆಗಿದೆ. ಕೊಡದಿದ್ದರೆ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಆ ಖರ್ಚು ತೋರಿಸಲು ಅವರಿಗೂ ಕಷ್ಟ. ಬಿಲ್ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. ಇನ್ನೊಂದು: ಕಚೇರಿಗಳು ಡಿಸೆಂಬರ್ 20ರ ಹೊತ್ತಿಗೆ ಖಾಲಿಯಾಗುತ್ತವೆ. ಅವರ ಪೆಟ್ಟಿಗೆ ಮೊದಲ ಹತ್ತು ದಿನದಲ್ಲೇ ಹೋಗಲಿ, ಮನೆ ಗಿರಾಕಿಗಳಿಗೆ ಆಮೇಲೆ ಕೈ ಬಿಡುವಾಗುತ್ತದೆ.

ಪಾರ್ಸೆಲ್ ಒಡೆದು ಹೋದರೆ, ತಡವಾದರೆ?

ಫೋಟೊ ಕೇಳಿ, ವಾದ ಬೇಡ, ದುಡ್ಡು ವಾಪಸ್ ಮಾಡಿ. ಮತ್ತೆ ಮಾಡಿ ಕಳಿಸಲು 20ರ ನಂತರ ಹೊತ್ತೂ ಇರುವುದಿಲ್ಲ. ಆನ್‌ಲೈನ್ ಮಾರಾಟದ 2020ರ ನಿಯಮದಂತೆ ದೂರು ಬಂದದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಪ್ಯಾಕ್ ಮಾಡುವಾಗ ತೆರೆದ ಪೆಟ್ಟಿಗೆಯ ಒಂದು ಫೋಟೊ ತೆಗೆದಿಡಿ, ಕೊರಿಯರ್‌ನವರ ಬಳಿ ಪರಿಹಾರ ಕೇಳಲು ಅದೇ ಆಧಾರ.

25 ಮುಗಿದ ಮೇಲೆ?

ಬ್ಯಾನರ್ ಬದಲಿಸಿ, ಅಂಗಡಿ ಮುಚ್ಚಬೇಡಿ. ಹೊಸ ವರ್ಷದ ಭೇಟಿಗಳಿಗೆ, ಜನವರಿ 6ರ ಮೂರು ರಾಯರ ಹಬ್ಬದವರೆಗೆ ಕೇಕ್ ಕೇಳುವವರಿರುತ್ತಾರೆ. ಬಾಳುವ ದಿನ ಇನ್ನೂ ಇರುವ ಕೇಕ್‌ಗಳನ್ನು ಆಗ ರಿಯಾಯಿತಿಯಲ್ಲಿ ಬಿಡಬಹುದು, ಕರಿದ ತಿಂಡಿಗಳನ್ನಲ್ಲ. ಜನವರಿ ಎರಡನೇ ವಾರದಲ್ಲಿ ಕೂತು ವಾಪಸ್ ಬಂದ ಪಾರ್ಸೆಲ್‌ಗಳ ಪಿನ್‌ಕೋಡ್, ಕೊರಿಯರ್ ಬಿಲ್ಲಿನ ತೂಕದ ವ್ಯತ್ಯಾಸ, ಮೊದಲು ಖಾಲಿಯಾದ ಪೆಟ್ಟಿಗೆ ಯಾವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಅಳತೆ ಬರೆದಿಟ್ಟ ಫೈಲಿಗೇ ಸೇರಿಸಿ. ಅಕ್ಟೋಬರ್‌ನಲ್ಲಿ ಪ್ರೆಸ್‌ಗೆ ಹೋಗುವ ಮುನ್ನ ನೀವು ತೆರೆಯುವುದು ಅದೇ ಫೈಲ್.